ನಾಲ್ಕನೆಯ ಟೀಚರ್

ಮಾಂಟ್ರಿಯಲ್‌ನ ಹುಡುಗನ ಕಡೆಯವರು ಒಂದೇ ಷರತ್ತು ಹಾಕಿದ್ದರು: ಹುಡುಗಿ ಫ್ರೆಂಚ್ ಪರೀಕ್ಷೆ ಪಾಸಾದ ಮೇಲೆಯೇ ಮುಹೂರ್ತ. ಮೂವರು ಟೀಚರುಗಳು ತಲೆ ಚಚ್ಚಿಕೊಂಡು ಬಿಟ್ಟುಹೋದ ಮೇಲೆ ಶೇಷಗಿರಿಯವರಿಗೆ ಫಿಲೋಮಿನಾ ಟೀಚರ್ ಸಿಕ್ಕರು. ಮಗಳು "ನನಗಿದು ತಲೆಗೇ ಹತ್ತಲ್ಲಪ್ಪ" ಎಂದಾಗಲೆಲ್ಲ ಅವರು ಪಾಠವನ್ನು ಮತ್ತೆ ಮೊದಲಿನಿಂದ ಹೇಳಿಕೊಟ್ಟರು. ಎಂಟು ತಿಂಗಳಲ್ಲಿ ಒಮ್ಮೆಯೂ ದನಿ ಏರಿಸಲಿಲ್ಲ. ಭೂಮಿತೂಕದ ತಾಳ್ಮೆ ಎಂದು ಶೇಷಗಿರಿ ಕಂಡಕಂಡವರೆದುರು ಹೊಗಳಿದರು.

ಆ ಭಾನುವಾರ ಟೀಚರ್ ಮಾದರಿ ಪರೀಕ್ಷೆಯ ಹಾಳೆಯನ್ನು ಅವರ ಕೈಗಿಟ್ಟರು. ನಲವತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ; ಸರಿಯಾದದ್ದಕ್ಕೆ ಗುರುತು ಹಾಕಿದರೆ ಸಾಕು. ಅಂಕ ಸೊನ್ನೆ.

"ಒಂದೂ ಸರಿ ಇಲ್ಲವಲ್ಲ ಟೀಚರ್!"

"ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಹತ್ತಾದರೂ ಸರಿಯಾಗುತ್ತಿತ್ತು, ಸರ್. ನಲವತ್ತೂ ತಪ್ಪಾಗಬೇಕಾದರೆ ನಲವತ್ತೂ ಗೊತ್ತಿರಬೇಕು."

ಮಗಳು ತಲೆ ಎತ್ತದೆ ಪೆನ್ನಿನ ಮುಚ್ಚಳ ಹಾಕಿದಳು. ಶೇಷಗಿರಿ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಈಗೇನು ಮಾಡೋದು? ಇನ್ನೂ ತಾಳ್ಮೆ ಇರೋ ಟೀಚರ್ ಯಾರಾದರೂ ಇದ್ದಾರಾ?"

"ಟೀಚರನ್ನು ಮೂರು ಸಲ ಬದಲಾಯಿಸಿದಿರಿ," ಎಂದು ಫಿಲೋಮಿನಾ ಚೀಲ ಹೆಗಲಿಗೇರಿಸಿದರು. "ಈ ಸಲ ಹುಡುಗನನ್ನು ಬದಲಾಯಿಸಿ ನೋಡಿ."