ಲಯಬಿಲಿಟಿ ಇಲ್ಲದ ವರ

"ಹುಡುಗನಿಗೆ ಲಯಬಿಲಿಟಿ ಅನ್ನೋದೇ ಇಲ್ಲ ಸಾರ್," ಎಂದ ಮದುವೆ ದಲ್ಲಾಳಿ. "ಅಪ್ಪ ಹೋಗಿ ಎರಡು ವರ್ಷ ಆಗೈತೆ, ತಾಯಿ ಅಕ್ಕನ ಮನೇಲಿ ಅದಾರೆ."

ಹೋದ ತಿಂಗಳಷ್ಟೇ ನಿವೃತ್ತರಾಗಿದ್ದ ಇಂಗ್ಲಿಷ್ ಮೇಷ್ಟ್ರು ಗುರುಪಾದಪ್ಪನವರಿಗೆ ಮಗಳ ಪುಣ್ಯವೇ ಎದುರಿಗೆ ಬಂದು ಕೂತಂತಾಯಿತು.

"ಲಯಬಿಲಿಟಿ ಅಂದ್ರೇನ್ರೀ?" ಎಂದು ಹೆಂಡತಿ ಅಡುಗೆಮನೆಯ ಬಾಗಿಲಿನಿಂದ ಕೇಳಿದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಮೂಲ ಲ್ಯಾಟಿನ್ ಕಣೇ. ಕಟ್ಟಿಹಾಕೋದು ಅಂತ ಅರ್ಥ. ಅಂದ್ರೆ, ಮದುವೆಯಾಗಿ ಹೋದೋರ ಕೊರಳಿಗೆ ಬೀಳೋ ಹೊರೆ."

"ನಮ್ಮ ಕಾಲದಲ್ಲಿ ಅದಕ್ಕೆ ಅತ್ತೆ-ಮಾವ ಅಂತಿದ್ವಿ," ಎಂದು ಆಕೆ ಒಳಗೆ ಹೋದರು.

ಭಾನುವಾರ ಹುಡುಗ ಬಂದ. ಹುಡುಗಿಯನ್ನು ನೋಡಿದ. ಉಪ್ಪಿಟ್ಟು ತಿನ್ನುತ್ತಾ, "ನಿಮಗೆ ಗಂಡುಮಕ್ಕಳು?" ಎಂದು ವಿನಯದಿಂದ ವಿಚಾರಿಸಿದ.

"ಇಲ್ಲಪ್ಪಾ, ಇವಳೊಬ್ಬಳೇ. ಇನ್ಮುಂದೆ ನೀನೇ ನಮಗೆ ಮಗ," ಎನ್ನುವಾಗ ಗುರುಪಾದಪ್ಪನವರ ಕಣ್ಣು ತುಂಬಿತು.

ಮರುದಿನ ದಲ್ಲಾಳಿಯ ಫೋನು ಬಂತು. ಗುರುಪಾದಪ್ಪನವರು ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ಒಪ್ಪಿಗೆ ಸಾರ್! ದಿನ ನೋಡಿ ಅಂದ. ಹುಡುಗಿಗಿರೋ ಎರಡು ಲಯಬಿಲಿಟಿಗೂ ಅವನೇ ಒಂದು ಒಳ್ಳೇ ವೃದ್ಧಾಶ್ರಮದಲ್ಲಿ ಜಾಗ ಹೇಳಿಟ್ಟಿದಾನಂತೆ."