ಬ್ರೇಕ್ ಸರಿಯಿದೆ

"ಕೆಲಸ ನಿಲ್ಸಿ ಈಗಲೇ ಕೆಳಗೆ ಬನ್ನಿ!"

ವಾಕಿಟಾಕಿಯಲ್ಲಿ ಇಂಜಿನಿಯರ್ ಮೇಡಂ ಗುಡುಗಿದಾಗ ಕ್ರೇನ್ ಆಪರೇಟರ್ ಹದಿನಾಲ್ಕು ಅಂತಸ್ತಿನೆತ್ತರದ ತನ್ನ ಗಾಜಿನ ಗೂಡಿನಲ್ಲಿ ಕುಳಿತು ಕಬ್ಬಿಣದ ಸರಳಿನ ಕಟ್ಟೊಂದನ್ನು ಆಗತಾನೇ ಇಳಿಸಿ ಮುಗಿಸಿದ್ದ. ಏನೋ ಎಡವಟ್ಟಾಗಿದೆ ಅನ್ನಿಸಿತು. ಚೀಲಕ್ಕೆ ಕೈ ಹಾಕಿ ನೀಲಿ ಪುಸ್ತಕ ತೆಗೆದು ಬಿಚ್ಚಿ ನೋಡಿದ. ಅದು ಎತ್ತಿಳಿಸಿದ ಭಾರವನ್ನೆಲ್ಲ ಗಂಟೆ ಸಮೇತ ಬರೆದಿಡುವ ಕ್ರೇನಿನ ದಿನಚರಿ. ಹಾಗಾದರೆ ಬೆಳಿಗ್ಗೆ ಆಫೀಸಿಗೆ ಕೊಟ್ಟು ಬಂದದ್ದು ಇನ್ನೊಂದು!

ಆ ಇನ್ನೊಂದನ್ನು ಬರೆಸಿದ್ದು ಡಾಕ್ಟರು. ಒಂದು ವರ್ಷದಿಂದ ಒಂದಕ್ಕೆ ಹೋಗುವುದೇ ಅವನಿಗೆ ದೊಡ್ಡ ಪಡಿಪಾಟಲಾಗಿತ್ತು. ಅವಸರ ಬಂದರೆ ತಡೆಯಲಾಗದು, ಹೋಗಿ ನಿಂತರೆ ಬಾರದು, ಬಂದರೂ ಪೂರ್ತಿ ಮುಗಿಯದು. ಡಾಕ್ಟರು ಪರೀಕ್ಷೆ ಮಾಡಿ, ರಕ್ತ, ಮೂತ್ರ, ಸ್ಕ್ಯಾನ್ ಎಲ್ಲ ನೋಡಿ, "ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ, ಈ ವಯಸ್ಸಲ್ಲಿ ಆಗೋದೇ. ಕ್ಯಾನ್ಸರಿನ ಲಕ್ಷಣ ಕಾಣ್ತಿಲ್ಲ. ಮೂರು ದಿನ ಯಾವಾಗ, ಎಷ್ಟು, ಹೇಗೆ ಅಂತ ಅಳೆದು ಬರ್ಕೊಂಡು ಬನ್ನಿ, ಮಾತ್ರೆ ಆಮೇಲೆ" ಎಂದಿದ್ದರು. ಇಪ್ಪತ್ತೆರಡು ವರ್ಷ ಕ್ರೇನಿನ ದಿನಚರಿ ಬರೆದ ಕೈ ಸುಮ್ಮನಿರುತ್ತದೆಯೇ? ಸ್ಟೋರಿನಿಂದ ಅಂಥದೇ ನೀಲಿ ಪುಸ್ತಕ ತಂದು, ಗೆರೆ ಎಳೆದು, ಗಂಟೆ, ಅಳತೆ, ಷರಾ ಎಂದು ಶಿಸ್ತಾಗಿ ತುಂಬಿತ್ತು.

ಏಣಿಯ ಬುಡದಲ್ಲಿ ಸೀಟಿ ಕಾದಿದ್ದ. ನೆಲದ ಮೇಲೆ ನಿಂತು ಕ್ರೇನಿಗೆ ಸಿಗ್ನಲ್ ಕೊಡುವ ಅವನ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿದ್ದುದರಿಂದ ಆ ಹೆಸರು.

"ಅಣ್ಣಾ, ಮೇಡಂ ಮೆಕ್ಯಾನಿಕ್‌ಗೆ ಫೋನ್ ಮಾಡ್ಬಿಟ್ರು. ಬ್ರೇಕ್ ಹೋಗಿದೆಯಂತೆ, ಎಣ್ಣೆ ಬೇರೆ ಸೋರ್ತಿದೆಯಂತೆ. ಹೌದಾ?"

ಆಪರೇಟರ್ ಎರಡೇ ಮಾತಿನಲ್ಲಿ ನಿಜ ಹೇಳಿದ. ಸೀಟಿ ಬಾಯಿ ಬಿಟ್ಟುಕೊಂಡು ಕೇಳಿ, ಆಮೇಲೆ ದನಿ ತಗ್ಗಿಸಿದ. "ಹಾಗಾದ್ರೆ ಬ್ರೇಕ್ ಅಂತಲೇ ಹೇಳ್ಬಿಡು. ಮೆಕ್ಯಾನಿಕ್ ಬಂದು ನಾಲ್ಕು ನಟ್ಟು ತಿರುಗಿಸಿ ಹೋಗ್ತಾನೆ. ನಿಜ ಹೇಳಿದ್ರೆ ನಿನ್ನ ಮತ್ತೆ ಮೇಲೆ ಹತ್ತಿಸ್ತಾರಾ? ಸ್ಟೋರಲ್ಲಿ ಮೊಳೆ ಆರಿಸ್ಕೊಂಡು ಕೂರ್ಬೇಕು."

ವರ್ಷವಿಡೀ ಆಪರೇಟರನ ಬಾಯಿ ಕಟ್ಟಿದ್ದು ಇದೇ ಹೆದರಿಕೆ. ಆ ಗೂಡಿನಲ್ಲಿ ಅವನು ರಾಜ. ಕೆಳಗಿಳಿದರೆ ಮೊಣಕಾಲು ನೋವಿನ ಒಬ್ಬ ಐವತ್ತಾರರ ಗಂಡಸು, ಅಷ್ಟೇ.

ಆಫೀಸಿನಲ್ಲಿ ಮೇಡಂ ಪುಸ್ತಕ ಬಿಚ್ಚಿಕೊಂಡೇ ಕುಳಿತಿದ್ದರು. ವಯಸ್ಸಿನಲ್ಲಿ ಅವನ ಮಗಳಷ್ಟು.

"'ಎಂಟು ಐವತ್ತು. ನೂರಹತ್ತು. ನಿಂತು ನಿಂತು ಇಳಿಯಿತು.' ಬರೀ ನೂರಹತ್ತು ಕಿಲೋಗೇ ನಿಂತು ನಿಂತು ಇಳಿದ್ರೆ ಬ್ರೇಕ್ ಕಥೆ ಏನು? 'ಹತ್ತು ಐದು. ತಡೆಯಲಾಗಲಿಲ್ಲ, ಸ್ವಲ್ಪ ಸೋರಿತು.' ರಾತ್ರಿ ಎರಡಕ್ಕೆ, ಮೂರೂವರೆಗೆ! ಯಾರನ್ನ ಕೇಳಿ ರಾತ್ರಿಯೆಲ್ಲಾ ಕ್ರೇನ್ ಓಡಿಸಿದ್ರಿ?"

ಬಾಗಿಲಲ್ಲಿ ನಿಂತ ಸೀಟಿ ಹೂಂ ಅನ್ನು, ಹೂಂ ಅನ್ನು ಎಂದು ಕಣ್ಣಲ್ಲೇ ಗೋಗರೆಯುತ್ತಿದ್ದ. ಆಪರೇಟರ್ ಅತ್ತ ನೋಡಲಿಲ್ಲ.

"ಬ್ರೇಕ್ ಸರಿಯಿದೆ ಮೇಡಂ. ಅದು ಕಿಲೋ ಅಲ್ಲ, ಮಿಲಿಲೀಟರ್. ಅದು ಕ್ರೇನಿಂದು ಅಲ್ಲ, ನಂದು."

ಮೇಡಂಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಸೀಟಿ ಬಾಗಿಲಿನಿಂದ ಮಾಯವಾದ.

"ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ," ಎಂದ ಅವನು. "ಮೇಲೆ ತಡ್ಕೊಂಡೇ ಕೂತಿರ್ತಿದ್ದೆ. ನೀರು ಕುಡಿಯೋದೇ ಬಿಟ್ಟಿದ್ದೆ. ಹೋದ ತಿಂಗಳು ಕಬ್ಬಿಣದ ತೊಲೆ ಹೋಗಿ ಗೋಡೆಗೆ ಕಟ್ಟಿದ್ದ ಸಾರುವೆಗೆ ಬಡೀತಲ್ಲ, ಅದು ನನ್ನ ಅವಸರ. ಪುಸ್ತಕದಲ್ಲಿ ಗಾಳಿ ಅಂತ ಬರೆದೆ. ಈ ಮೂರು ದಿನ ಮತ್ತೆ ಮತ್ತೆ ಇಳಿದದ್ದೂ ಗಾಳಿ ಹೆಸರಲ್ಲೇ. ಗಾಳಿ ಜೋರಾದ್ರೆ ಕ್ರೇನ್ ನಿಲ್ಲಿಸ್ಲೇಬೇಕಲ್ಲ, ಕ್ರೇನಿನವನು ಮರ್ಯಾದೆಯಾಗಿ ಕೆಳಗಿಳಿಯೋಕೆ ಇರೋದು ಅದೊಂದೇ ಕಾರಣ. ಆ ತೊಲೆಯ ಕೆಳಗೆ ಯಾರಾದ್ರೂ ಇದ್ದಿದ್ರೆ? ಅದಕ್ಕೇ ಡಾಕ್ಟರ ಹತ್ರ ಹೋದೆ."

"ಇನ್ನು ಮುಂದೆ?"

"ಎರಡು ಗಂಟೆಗೊಮ್ಮೆ ಇಳೀತೀನಿ. ಮಾತ್ರೆ ಶುರುವಾದಾಗ ತಲೆಸುತ್ತು ಬರಬಹುದಂತೆ, ಡಾಕ್ಟರು ಸರಿ ಅನ್ನೋವರೆಗೆ ಹತ್ತಲ್ಲ. ಆದ್ರೆ ಕ್ರೇನ್ ಬಿಡಲ್ಲ. ನೀವಾಗೇ ಬಿಡಿಸೋದಾದ್ರೆ ನಿಜವಾದ ಕಾರಣ ಬರೆದು ಬಿಡಿಸಿ."

ಮೇಡಂ ಕೈ ನೀಡಿ ಅವನ ನಿಜವಾದ ದಿನಚರಿ ಇಸಿದುಕೊಂಡು, ಗಾಳಿ ಎಂದಿದ್ದ ಕಡೆಯೆಲ್ಲ ಬೆರಳಾಡಿಸಿದರು. ಏನೋ ಹೊಳೆದವರಂತೆ ಎದ್ದು ಕಪಾಟಿನಿಂದ ಸೈಟಿನ ಎರಡನೇ ಕ್ರೇನಿನ ಪುಸ್ತಕ ತೆಗೆದರು. ಅದರ ಆಪರೇಟರ್ ಇವನಿಗಿಂತ ಎರಡು ವರ್ಷ ದೊಡ್ಡವನು. ಯಾರ ಜೊತೆಯೂ ಹೆಚ್ಚು ಮಾತಿಲ್ಲ, ಒಂದು ದಿನ ರಜೆ ಹಾಕಿದವನಲ್ಲ, ಗಟ್ಟಿ ಆಳು ಎಂದು ಹೆಸರು ಮಾಡಿದವನು. ಮೇಡಂ ಒಂದೊಂದೇ ಹಾಳೆ ತಿರುವಿದರು, ಆಮೇಲೆ ಪುಸ್ತಕವನ್ನು ಇವನತ್ತ ತಿರುಗಿಸಿದರು.

ಎಲೆಯೂ ಅಲುಗದ ಈ ಬೇಸಿಗೆಯ ಎರಡು ತಿಂಗಳಲ್ಲಿ, ಆ ಕ್ರೇನಿಗೆ ಮಾತ್ರ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಬಿರುಗಾಳಿ ಬೀಸಿತ್ತು.