ದೂರಿಲ್ಲದ ನಾಲ್ಕು ತಿಂಗಳು

ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಪೂರ್ವ ವಿಭಾಗದ ದೂರುಗಳ ವರದಿ ಬರೆಯುವುದು ಕುಮುದಿನಿಯ ಕೆಲಸ. ಪ್ರತಿ ಸೋಮವಾರ ಅದು ಮೇಲಿನ ಮಹಡಿಯ ನಿರ್ದೇಶಕರಿಗೆ ಹೋಗಬೇಕು. ಸತತ ಹನ್ನೊಂದು ವಾರ ಅವಳು ಮೊದಲ ಸಾಲಿನಲ್ಲೇ ಕೆಂಪು ಶಾಯಿಯಲ್ಲಿ ಬರೆದಳು: ‘ಕುಂಬಾರ ಬೀದಿಯ ನಲ್ಲಿಗಳಲ್ಲಿ ಚರಂಡಿ ನೀರು ಬರುತ್ತಿದೆ.’ ಮೇಲಿನಿಂದ ಒಂದು ಟಿಕ್ ಗುರುತೂ ಬರಲಿಲ್ಲ. ಹನ್ನೆರಡನೆಯ ಸೋಮವಾರ ಸಿಟ್ಟು ಬಂದು ವರದಿ ಕಳಿಸುವುದನ್ನೇ ಬಿಟ್ಟಳು. ಯಾರಾದರೂ ಕೇಳಲಿ, ಆಗ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ ಎಂದುಕೊಂಡಳು.

ಯಾರೂ ಕೇಳಲಿಲ್ಲ. ನಾಲ್ಕು ತಿಂಗಳ ನಂತರ ನಿರ್ದೇಶಕರಿಂದಲೇ ಕರೆ ಬಂತು. ಹನ್ನೊಂದೂ ವರದಿಗಳ ನಕಲು ಹಿಡಿದು ಮೆಟ್ಟಿಲು ಹತ್ತಿದಳು.

“ಬನ್ನಿ ಮೇಡಂ, ಕೂತ್ಕೊಳ್ಳಿ. ನಾಲ್ಕು ತಿಂಗಳಿಂದ ನಿಮ್ಮ ವಿಭಾಗದಿಂದ ಒಂದೇ ಒಂದು ದೂರಿಲ್ಲ! ಬೇರೆಯವರದ್ದು ನೋಡಿ, ರಾಶಿ ರಾಶಿ. ಅದು ಹೇಗೆ ಮಾಡಿದ್ರಿ?”

“ನಾನೇನೂ ಮಾಡ್ಲಿಲ್ಲ ಸರ್. ವರದಿ ಕಳ್ಸೋದು ನಿಲ್ಲಿಸ್ದೆ, ಅಷ್ಟೆ. ಕುಂಬಾರ ಬೀದೀಲಿ ಇವತ್ತೂ ಅದೇ ನೀರು ಬರ್ತಿದೆ. ಮಕ್ಕಳು ಆಸ್ಪತ್ರೇಲಿದಾರೆ.”

ನಿರ್ದೇಶಕರು ಗಂಭೀರರಾದರು. ಬಾಟಲಿಯ ಮುಚ್ಚಳ ತೆಗೆದು ಒಂದು ಗುಟುಕು ನೀರು ಕುಡಿದರು. ಆಮೇಲೆ ಗಂಟೆ ಒತ್ತಿ ಆಪ್ತ ಕಾರ್ಯದರ್ಶಿಯನ್ನು ಕರೆದರು.

“ಎಲ್ಲಾ ವಿಭಾಗಗಳಿಗೂ ಇವತ್ತೇ ಸುತ್ತೋಲೆ ಹೋಗ್ಲಿ. ಇನ್ನು ಮುಂದೆ ಎಲ್ರೂ ಈ ಮೇಡಂ ಮಾಡಿದ ಹಾಗೇ ಮಾಡ್ಬೇಕು.”